ಕಪಾಟಿನಿಂದ ಎದ್ದುಬಂದ ಅಹಮದಾಬಾದ್ ನಾದ

ರಾಕ್ ಲೋಕ ಮೋಗ್ ಸಿಂಥಸೈಜರಿಗೆ ಮರುಳಾಗುತ್ತಿದ್ದ ಹೊತ್ತಿನಲ್ಲೇ ಸಾಬರಮತಿ ದಂಡೆಯಲ್ಲೂ ಅದು ನುಡಿಯುತ್ತಿತ್ತು. ಅರ್ಧ ಶತಮಾನ ಕಪಾಟಿನಲ್ಲಿದ್ದ ಆ ಸಂಗೀತ ಈಗ ನಮ್ಮ ಕಿವಿಗೂ ಸಿಗುತ್ತಿದೆ.

ಪ್ರೊಗ್ರೆಸಿವ್ ರಾಕ್ ಪ್ರಿಯರಿಗೆ 1970 ದೊಡ್ಡ ವರ್ಷ. ಎಮರ್ಸನ್, ಲೇಕ್ ಅಂಡ್ ಪಾಮರ್ ತಂಡದ ‘ಲಕ್ಕಿ ಮ್ಯಾನ್’ ಬಂದದ್ದು ಆಗ. ಹಾಡಿನ ಕೊನೆಯಲ್ಲಿ ಕೀತ್ ಎಮರ್ಸನ್ ನುಡಿಸಿದ ಮೋಗ್ ಕೇಳಿ ಜನ ಬೆರಗಾದರು. ಮುಂದೆ ಮಹಾವಿಷ್ಣು ಆರ್ಕೆಸ್ಟ್ರಾದ ಯಾನ್ ಹ್ಯಾಮರ್ ಕೈಯಲ್ಲಿ ಅದರ ಪುಟ್ಟ ರೂಪ ಮಿನಿಮೋಗ್ ಜಾಝ್ ಫ್ಯೂಷನ್ನಿನ ಗುರುತಿನ ದನಿಯಾಯಿತು. ಆದರೆ ‘ಲಕ್ಕಿ ಮ್ಯಾನ್’ಗೂ ಮೊದಲೇ, 1969ರಲ್ಲಿ, ಅಹಮದಾಬಾದಿನ ಪಾಲ್ಡಿಯಲ್ಲಿರುವ ರಾಷ್ಟ್ರೀಯ ವಿನ್ಯಾಸ ಸಂಸ್ಥೆ ಎನ್‌ಐಡಿಗೆ ಮೋಗ್ ಬಂದಿಳಿದಿತ್ತು.

ಪಖವಾಜಿನಿಂದ ಸಿಂಥಸೈಜರಿಗೆ

ಈ ಕಥೆಯ ಮೂಲದಲ್ಲಿರುವವರು ಗೀತಾ ಸಾರಾಭಾಯಿ. ಪಖವಾಜ್ ಎಂಬ ಚರ್ಮವಾದ್ಯ ಹೆಂಗಸರದಲ್ಲ ಎನ್ನುತ್ತಿದ್ದ ಕಾಲದಲ್ಲಿ ಅದನ್ನು ಕಲಿತವರು. 1946ರಲ್ಲಿ ನ್ಯೂಯಾರ್ಕಿಗೆ ಹೋಗಿ ಪ್ರಯೋಗಶೀಲ ಸಂಯೋಜಕ ಜಾನ್ ಕೇಜ್‌ಗೆ ಭಾರತೀಯ ಸಂಗೀತ ಹೇಳಿಕೊಟ್ಟರು. ಅವರಿಂದ ಪಾಶ್ಚಾತ್ಯ ಸಂಗೀತ ಕಲಿತರು. ಗೀತಾ ಅವರ ಒಡಹುಟ್ಟಿದವರಾದ ಗೌತಮ್ ಮತ್ತು ಗಿರಾ ಸಾರಾಭಾಯಿ ಎನ್‌ಐಡಿಯನ್ನು ಕಟ್ಟಿ ಬೆಳೆಸಿದವರು. ಈ ನಂಟಿನಿಂದಲೇ ಕೇಜ್ ಅವರ ಆಪ್ತ ಒಡನಾಡಿ ಡೇವಿಡ್ ಟ್ಯೂಡರ್ ಅಹಮದಾಬಾದಿಗೆ ಬಂದು ಮೋಗ್ ಮತ್ತು ಟೇಪ್ ಯಂತ್ರಗಳ ಸ್ಟುಡಿಯೊ ಸಜ್ಜುಗೊಳಿಸಿದರು.

ಗೀತಾ ಜೊತೆಗೆ ಐ.ಎಸ್. ಮಾಥುರ್, ಅತುಲ್ ದೇಸಾಯಿ, ಎಸ್.ಸಿ. ಶರ್ಮಾ ಮತ್ತು ಜಿನರಾಜ್ ಜೋಶಿಪುರ ಅಲ್ಲಿ ಸಂಗೀತ ರಚಿಸಿದರು. ಇದನ್ನು ಜಾಝ್ ಎನ್ನಲಾಗದು, ರಾಕ್ ಎನ್ನಲೂ ಆಗದು. ಆದರೂ ರಾಗ-ತಾಳ ಬಲ್ಲ ಕಿವಿಗಳು ವಿದ್ಯುತ್ತಿನ ದನಿಯನ್ನು ಪಳಗಿಸಹೊರಟಾಗ ಹುಟ್ಟುವ ಸಾಹಸ ಇದರಲ್ಲಿದೆ. ಫ್ಯೂಷನ್ ಕೇಳುಗರು ಹುಡುಕುವುದೂ ಅದನ್ನೇ. ಶರ್ಮಾ ಅವರ ‘ಡಾನ್ಸ್ ಮ್ಯೂಸಿಕ್’ನಲ್ಲಿ ಯಂತ್ರದ ಲಯ ಸುತ್ತಿ ಸುತ್ತಿ ಬರುತ್ತದೆ. ಜೋಶಿಪುರ ಅವರ ‘ಸ್ಪೇಸ್ ಲೈನರ್ 2001’ ಬಾಹ್ಯಾಕಾಶದ ಕನಸು ಕಾಣುತ್ತದೆ.

ಧ್ವನಿಮುದ್ರಣಗಳು 1972ಕ್ಕೆ ನಿಂತವು. ಟೇಪ್ ಸುರುಳಿಗಳು ಸಂಸ್ಥೆಯ ಸಂಗ್ರಹ ಸೇರಿದವು. ಬ್ರಿಟನ್ನಿನ ಸಂಗೀತಗಾರ ಪಾಲ್ ಪರ್ಗಾಸ್ ಅವನ್ನು ಮತ್ತೆ ಹುಡುಕಿ ತೆಗೆದರು. ‘ದಿ ಎನ್‌ಐಡಿ ಟೇಪ್ಸ್’ ಹೆಸರಿನ ಆಲ್ಬಂ ಹೊರಬಂದದ್ದು 2023ರಲ್ಲಿ.

ಬೆಂಗಳೂರಿನ ಜ್ಯೋತಿ

ಆಲ್ಬಂ ಆಗಿ ಹೊರಬಂದರೂ ತನ್ನೂರಿನವರ ಕಿವಿಗೆ ಬೀಳದ ಸಂಗೀತ ಕನ್ನಡ ನಾಡಿನದೂ ಇದೆ. ಮೃದಂಗ ವಿದ್ವಾನ್ ಟಿ.ಎ.ಎಸ್. ಮಣಿ 1964ರಲ್ಲಿ ಬೆಂಗಳೂರಿನಲ್ಲಿ ಕಟ್ಟಿದ ಕರ್ನಾಟಕ ಕಾಲೇಜ್ ಆಫ್ ಪರ್ಕಷನ್, 1980ರ ‘ಲೈಫ್’ ಆಲ್ಬಂನಲ್ಲಿ ಜರ್ಮನಿಯ ಪ್ರಯೋಗಶೀಲ ರಾಕ್ ತಂಡ ‘ಎಂಬ್ರಿಯೊ’ ಜೊತೆ ನುಡಿಸಿತು. 1983ರಲ್ಲಿ ಜರ್ಮನಿಯ ಇಸಿಎಂ ಸಂಸ್ಥೆಗಾಗಿ ‘ಜ್ಯೋತಿ’ ಧ್ವನಿಮುದ್ರಣವಾಯಿತು. ಅಮೆರಿಕದ ಜಾಝ್ ಸಂಯೋಜಕ ಚಾರ್ಲ್ಸ್ ಮಿಂಗಸ್ ತಂಡದಲ್ಲಿ ನುಡಿಸಿದ್ದ ಚಾರ್ಲಿ ಮರಿಯಾನೊ ಅವರ ಸ್ಯಾಕ್ಸೊಫೋನ್ ಅದರಲ್ಲಿ ಆರ್.ಎ. ರಮಾಮಣಿ ಅವರ ಗಾಯನದೊಡನೆ ಸಂವಾದಕ್ಕಿಳಿಯುತ್ತದೆ. ಜಾಝ್‌ಗಾಗಿ ಕರ್ನಾಟಕ ಸಂಗೀತ ತನ್ನ ನಡೆ ಬದಲಿಸಿಕೊಂಡಿಲ್ಲ. ಮರಿಯಾನೊ ಅವರೇ ಅದರ ಗತಿಗೆ ಹೆಜ್ಜೆ ಹಾಕಿದ್ದಾರೆ.

ಇಲ್ಲಿಂದ ಶುರುಮಾಡಿ

• ‘ದಿ ಎನ್‌ಐಡಿ ಟೇಪ್ಸ್’: ರಾತ್ರಿ, ಹೆಡ್‌ಫೋನ್ ಹಾಕಿ, ಬೇರೆ ಕೆಲಸ ಬದಿಗಿಟ್ಟು ಕೇಳಿ.
• ‘ಲೈಫ್’: ರಾಕ್ ಕೇಳಿ ಬೆಳೆದವರು ಮೊದಲು ಇದನ್ನು ಹಾಕಲಿ.
• ‘ಜ್ಯೋತಿ’: ಕರ್ನಾಟಕ ಸಂಗೀತ ಬಲ್ಲವರಿಗೆ ಜಾಝ್‌ನತ್ತ ಹತ್ತಿರದ ದಾರಿ.

ಒಂದು ಆಲ್ಬಂ ಮೆಚ್ಚುಗೆಯಾದರೆ ಅದರಲ್ಲಿ ನುಡಿಸಿದವರ ಹೆಸರುಗಳನ್ನು ಬರೆದಿಟ್ಟುಕೊಳ್ಳಿ. ಅವರು ಬೇರೆಲ್ಲಿ ನುಡಿಸಿದ್ದಾರೆಂದು ನೋಡಿ. ಮರಿಯಾನೊ ಜಾಡು ಹಿಡಿದರೆ ಒಂದು ಕಡೆ ಮಿಂಗಸ್, ಇನ್ನೊಂದು ಕಡೆ ಬೆಂಗಳೂರು. ಗೀತಾ ಸಾರಾಭಾಯಿ ಜಾಡು ಹಿಡಿದರೆ ಜಾನ್ ಕೇಜ್.

ಕಾಯುವಷ್ಟು ಕಾಲವಿಲ್ಲ

ಟೇಪಿಗೆ ತೇವವೂ ಸೆಕೆಯೂ ಶತ್ರು. ಅಂಟು ಜಿಗುಟಾಗಿ, ದನಿ ಹೊತ್ತ ಕಾಂತೀಯ ಲೇಪ ಉದುರತೊಡಗಿದರೆ ಅದರ ಜೊತೆ ಸಂಗೀತವೂ ಹೋಯಿತು. ಎನ್‌ಐಡಿ ಸುರುಳಿಗಳು ಉಳಿದದ್ದು ಯಾರೋ ಎಸೆಯದೆ ಇಟ್ಟದ್ದರಿಂದ. ಮತ್ತೆ ನುಡಿದದ್ದು ಇನ್ನೊಬ್ಬರು ಹುಡುಕಿ ಹೋದದ್ದರಿಂದ. ನಮ್ಮ ಕಾಲೇಜು, ಸಂಗೀತ ಸಭಾ, ಸ್ಟುಡಿಯೊಗಳಲ್ಲಿ ಹಳೆಯ ಸುರುಳಿಗಳಿದ್ದರೆ ಮೊದಲು ಅವುಗಳ ಪಟ್ಟಿ ಮಾಡಿ, ಆಮೇಲೆ ಡಿಜಿಟಲ್ ಪ್ರತಿ ತೆಗೆಯಿರಿ. ಕೇಳುಗರು ತಾವಾಗಿ ಬರುತ್ತಾರೆ.