ಯಾವ ವರ್ಷದ ಓರಿಜಿನಲ್?

ಸದಾಶಿವ ಪೇಠದ ನಮ್ಮ ವಾಡೆಯ ಅಂಗಳದಲ್ಲಿ ಒಂದು ಜಾವಾ ಮೋಟರ್‌ಸೈಕಲ್ ಗೋಣಿಚೀಲ ಹೊದ್ದು ನಿಂತಿದೆ. ಪುಣೆಯ ಈ ಭಾಗದ ಗೋಡೆಬರಹಗಳ ಕೊಂಕು ಊರಿಗೇ ಹೆಸರಾದದ್ದು. ಅಂಥದೊಂದು ‘ಇಲ್ಲಿ ಗಾಡಿ ನಿಲ್ಲಿಸಬಾರದು’ ಹಲಗೆಯ ಕೆಳಗೇ ಅದು ನಿಂತಿರುವುದು. ನಂಬರು ‘ಎಂವೈ’ ಎಂದು ಶುರುವಾಗುತ್ತದೆ, ಮೈಸೂರು ರಾಜ್ಯದ ಕಾಲದ ಗುರುತು. ಅದನ್ನು ಮತ್ತೆ ಓಡಿಸಲು ಹೊರಟ ಮೇಲೆ ನಾನಾ ಪೇಠದ ಸ್ಪೇರ್ ಅಂಗಡಿಗಳನ್ನೂ ಬುಧವಾರ, ಭಾನುವಾರದ ಜುನಾ ಬಾಜಾರನ್ನೂ ಸುತ್ತಿದೆ. ಯಾವ ಸಾಮಾನು ಕೈಗೆತ್ತಿಕೊಂಡರೂ ಒಂದೇ ಮಾತು: “ಓರಿಜಿನಲ್ ಆಹೇ, ಸಾಹೇಬ!”

ಅವರು ಹೇಳುವುದು ಸುಳ್ಳೇ ಇರಬೇಕೆಂದಿಲ್ಲ. ಆದರೆ ಯಾವ ವರ್ಷದ ಓರಿಜಿನಲ್ ಎಂಬುದನ್ನು ಯಾರೂ ಹೇಳುವುದಿಲ್ಲ.

ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1961ರಲ್ಲಿ ಕೆಲಸ ಶುರುಮಾಡಿದಾಗ ಬಿಡಿಭಾಗಗಳು ಬರುತ್ತಿದ್ದುದು ಚೆಕೊಸ್ಲೊವಾಕಿಯಾದಿಂದ. ವರ್ಷ ಕಳೆದಂತೆ ಒಂದೊಂದೇ ಭಾಗ ಇಲ್ಲೇ ತಯಾರಾಗತೊಡಗಿತು. ಹೀಗಾಗಿ ಅರವತ್ತರ ದಶಕದ ಒಂದೇ ಗಾಡಿಯಲ್ಲಿ ಚೆಕ್ ‘ಪಾಲ್’ ಸ್ಪೀಡೋಮೀಟರೂ ಭಾರತದ ಎರಕದ ಭಾಗವೂ ಜೊತೆಗಿರಬಹುದು, ಎರಡೂ ಓರಿಜಿನಲ್ಲೇ. 1973ರಲ್ಲಿ ಟ್ಯಾಂಕಿನ ಮೇಲಿನ ಹೆಸರು ಯೆಜ್ಡಿ ಎಂದಾಯಿತು. 1978ರಲ್ಲಿ ರೋಡ್‌ಕಿಂಗ್ ಎಂಬ ಮಾದರಿ ಬಂತು, 1996ರಲ್ಲಿ ಕಾರ್ಖಾನೆಯೇ ಮುಚ್ಚಿತು. ಮೂವತ್ತೈದು ವರ್ಷಗಳ ಈ ಸಾಮಾನಿನಲ್ಲಿ ಎಷ್ಟೋ ಒಂದಕ್ಕೊಂದು ಕೂರುತ್ತವೆ. ಮೆಕ್ಯಾನಿಕ್‌ಗೆ ಇದು ವರ, ಹಳೆಯ ಗಾಡಿ ಕೊಳ್ಳುವವನಿಗೆ ತಲೆನೋವು.

ಭಾಗದ ವಯಸ್ಸು ಪತ್ತೆಮಾಡುವುದರಲ್ಲಿ ಅಮೆರಿಕದ ಮಸಲ್ ಕಾರುಗಳ ಹುಚ್ಚಿನವರಿಗೆ ಒಂದು ಅನುಕೂಲವಿದೆ. ಜನರಲ್ ಮೋಟರ್ಸ್‌ನವರ ಎಂಜಿನ್ ಬ್ಲಾಕಿನ ಮೇಲೆ ಎರಕ ಹೊಯ್ದ ದಿನವೇ ಉಬ್ಬಕ್ಷರದಲ್ಲಿ ಇರುತ್ತದೆ. 1969ರ ಕಮಾರೊ ಕಾರಿನ ಬ್ಲಾಕಿನಲ್ಲಿ ‘ಸಿ 12 9’ ಎಂದಿದ್ದರೆ ಮೂರನೆಯ ತಿಂಗಳು, ಹನ್ನೆರಡನೆಯ ತಾರೀಕು, ವರ್ಷದ ಕೊನೆಯ ಅಂಕಿ ಒಂಬತ್ತು. ಕಾರು ಜೋಡಣೆಯಾದ ದಿನಕ್ಕಿಂತ ಎರಕದ ದಿನ ಈಚಿನದಾಗಿದ್ದರೆ ಎಂಜಿನ್ ಬೇರೆ ಕಾರಿನದು. ಮಗನಿಗಿಂತ ಅಪ್ಪ ಚಿಕ್ಕವನಾಗಲಾರ, ಅಷ್ಟೇ ಲೆಕ್ಕ. ಜಾವಾ ಹಿಡಿದವರಿಗೂ ಲೆಕ್ಕ ಇದೇ, ಆದರೆ ಸಾಕ್ಷಿಯನ್ನು ಬೇರೆ ಬೇರೆ ಕಡೆ ಹುಡುಕಿ ಕೂಡಿಸಬೇಕು.

ನನಗೆ ಹೆಚ್ಚು ಭರವಸೆ ಎರಕದ ಮೇಲೆ. ನಕಲು ಮಾಡುವವರು ಸಾಮಾನ್ಯವಾಗಿ ಅಸಲಿ ಸೈಡ್ ಕವರನ್ನೇ ಮರಳಿನಲ್ಲಿ ಒತ್ತಿ ಅಚ್ಚು ತೆಗೆಯುತ್ತಾರೆ. ಕರಗಿದ ಅಲ್ಯೂಮಿನಿಯಂ ಆರುವಾಗ ಸುಮಾರು ನೂರಕ್ಕೆ 1.3ರಷ್ಟು ಕುಗ್ಗುತ್ತದೆ. ಅಂದರೆ 250 ಮಿಲಿಮೀಟರ್ ಉದ್ದದ ಕವರು ಮೂರು ಮಿಲಿಮೀಟರಿನಷ್ಟು ಗಿಡ್ಡವಾಗಿ ಹುಟ್ಟುತ್ತದೆ. ಒಂದು ಸ್ಕ್ರೂ ಕೂರಿಸಿದರೆ ಆಚೆ ತುದಿಯದು ತೂತಿಗೆ ಸಿಗುವುದಿಲ್ಲ. ಆಗ ಅರದಿಂದ ಉಜ್ಜಿ ತೂತನ್ನು ಮೊಟ್ಟೆಯಾಕಾರಕ್ಕೆ ಅಗಲಿಸುತ್ತಾರೆ. ಅಂಥ ತೂತು ಕಂಡರೆ ಬೇರೆ ಪರೀಕ್ಷೆ ಬೇಕಿಲ್ಲ, ಆಯಿಲ್ ಸೋರುವುದೂ ಅಲ್ಲಿಂದಲೇ. ಅಕ್ಷರಗಳ ಅಂಚನ್ನೂ ಬೆರಳಿನಿಂದ ಸವರಿ ನೋಡಿ. ಅಸಲಿಯಲ್ಲಿ ಅಂಚು ಚೂಪು, ನಕಲಿನಲ್ಲಿ ಸಾಬೂನು ಸವೆದ ಹಾಗೆ ದುಂಡು. ಪಾಲಿಶ್ ಹೊಡೆದು ಹೊಳೆಯಿಸಿದ ಕವರು ಕಂಡರೆ ನಾನು ಮೊದಲು ಒಳಮೈ ತಿರುಗಿಸುತ್ತೇನೆ. ಅಲ್ಲಿಯವರೆಗೆ ಬಫಿಂಗ್ ಚಕ್ರ ಹೋಗಿರುವುದಿಲ್ಲ.

ನಮ್ಮ ಬೀದಿಯಲ್ಲೇ ಇರುವ ಭಾರತ ಇತಿಹಾಸ ಸಂಶೋಧಕ ಮಂಡಳವನ್ನು 1910ರಲ್ಲಿ ಕಟ್ಟಿದ ರಾಜವಾಡೆಯವರ ದಾರಿಯವರು ಹಳೆಯ ಮೋಡಿ ಲಿಪಿಯ ಕಾಗದದಲ್ಲಿ ಒಕ್ಕಣೆಯನ್ನಷ್ಟೇ ನಂಬುವುದಿಲ್ಲ. ಕಾಗದ, ಮಸಿ, ಮುದ್ರೆ ಮೂರೂ ಒಂದೇ ಕಾಲದವೇ ಎಂದು ನೋಡುತ್ತಾರೆ. ಗಾಡಿಗೂ ಅದೇ ಕಣ್ಣು ಬೇಕು.

ಮುದ್ರೆ ಎಂದರೆ ಇಲ್ಲಿ ಎಂಜಿನ್ ಮತ್ತು ಚಾಸಿ ನಂಬರು. ಆರ್‌ಸಿ ಪುಸ್ತಕದೊಂದಿಗೆ ತಾಳೆಯಾದರೆ ಸಾಲದು, ಕೆತ್ತಿದ ಜಾಗವನ್ನೂ ನೋಡಬೇಕು. ಎರಕದ ಮೈ ಸಣ್ಣಗೆ ತರಿತರಿಯಾಗಿರುತ್ತದೆ. ನಂಬರಿನ ಸುತ್ತ ಮಾತ್ರ ನುಣ್ಣಗಿದ್ದರೆ ಯಾರೋ ಹಳೆಯದನ್ನು ಉಜ್ಜಿ ಹೊಸದಾಗಿ ಹೊಡೆದಿರಬಹುದು. ಇದು ಬರೀ ಶೋಕಿಯ ಮಾತಲ್ಲ. 2021ರ ಜುಲೈಯಲ್ಲಿ ಬಂದ ಕೇಂದ್ರದ ನಿಯಮದ ಪ್ರಕಾರ 50 ವರ್ಷ ದಾಟಿದ, ಚಾಸಿ, ಬಾಡಿ, ಎಂಜಿನ್ ಮೂಲರೂಪದಲ್ಲೇ ಇರುವ ಗಾಡಿಗೆ ವಿಂಟೇಜ್ ನೋಂದಣಿ ಸಿಗುತ್ತದೆ. ಶುಲ್ಕ 20,000 ರೂಪಾಯಿ, ನಂಬರಿನ ನಡುವೆ ‘ವಿಎ’ ಎಂಬ ಅಕ್ಷರ. ರೋಡ್‌ಕಿಂಗ್ ಎಂಜಿನ್ ತುರುಕಿದ ಜಾವಾ ರಸ್ತೆಯಲ್ಲಿ ಚೆನ್ನಾಗಿಯೇ ಓಡೀತು, ಈ ನೋಂದಣಿಗೆ ಮಾತ್ರ ಹೊಂದದು.

ಟ್ಯಾಂಕಿನಲ್ಲಿ ಮೋಸ ಹೆಚ್ಚು. ಜಾವಾ ಹೆಸರಿಗೆ ಬೇಡಿಕೆ ಜಾಸ್ತಿ, ಅದಕ್ಕೇ ಯೆಜ್ಡಿ ಟ್ಯಾಂಕಿಗೆ ಜಾವಾ ಬ್ಯಾಡ್ಜ್ ಅಂಟಿಸಿ ಮಾರುತ್ತಾರೆ. ಜೇಬಿನಲ್ಲೊಂದು ಚಿಕ್ಕ ಅಯಸ್ಕಾಂತ ಇಟ್ಟುಕೊಳ್ಳಿ. ಅದು ಅಂಟದ ಕಡೆ ತಗಡಿಲ್ಲ, ಪುಟ್ಟಿ ಇದೆ. ಬಣ್ಣದ ಇತಿಹಾಸ ಬೇಕಿದ್ದರೆ ಟ್ಯಾಂಕಿನ ತಳದಲ್ಲಿ ಕಾಣದ ಮೂಲೆಯನ್ನು ನೀರು ಹಾಕಿ ಸಣ್ಣ ಉಪ್ಪುಕಾಗದದಿಂದ ದುಂಡಗೆ ಉಜ್ಜಿ. ಮರದ ಕಾಂಡದ ಉಂಗುರಗಳಂತೆ ಪದರಗಳು ಬಿಚ್ಚಿಕೊಳ್ಳುತ್ತವೆ. ನನ್ನದರಲ್ಲಿ ಕಪ್ಪು, ನೀಲಿ, ಮತ್ತೆ ಕಪ್ಪು, ಕೊನೆಗೆ ಮರೂನ್.

ಕಾರ್ಬ್ಯುರೇಟರ್ ಸುಲಭ: ಜಾವಾದಲ್ಲಿ ‘ಜಿಕೊವ್’ ಎಂಬ ಚೆಕ್ ಹೆಸರು ಮೈಮೇಲೇ ಇರುತ್ತದೆ. ಪಿಸ್ಟನ್ ವಿಷಯದಲ್ಲಿ ಹಟ ಬೇಡ. ಈ ಎಂಜಿನ್ನಿನ ಮೂಲ ಬೋರ್ 65 ಮಿಲಿಮೀಟರ್, ಸ್ಟ್ರೋಕ್ 75. ಪ್ರತಿ ರೀಬೋರಿಗೆ ಕಾಲು ಮಿಲಿಮೀಟರ್ ಏರುತ್ತದೆ, ಪಿಸ್ಟನ್ ತಲೆಯ ಮೇಲೆ ಅಳತೆ ಒತ್ತಿರುತ್ತಾರೆ. ಸವೆಯಲೆಂದೇ ಹುಟ್ಟಿದ ಭಾಗಕ್ಕೆ ಒಳ್ಳೆಯ ಹೊಸ ಮಾಲೇ ಸರಿ. ಮೂಲದ್ದು ಬೇಕೆಂದು ಸವೆದ ಪಿಸ್ಟನ್ ಉಳಿಸಿಕೊಳ್ಳುವವರನ್ನು ಕಂಡರೆ ನನಗೆ ಮರುಕ.

ನಾನೂ ಮೊದಲ ಸಲ ಮೋಸಹೋದೆ. ಹಳೇ ಸ್ಟಾಕ್ ಎಂದು ಒಬ್ಬ ವ್ಯಾಪಾರಿ ಕೊಟ್ಟ ಕವರು ಗ್ರೀಸ್ ಕಾಗದದಲ್ಲಿ ಸುತ್ತಿತ್ತು, ಡಬ್ಬಕ್ಕೆ ಧೂಳೂ ಹಿಡಿದಿತ್ತು. ಮನೆಗೆ ತಂದು ಕೂರಿಸಿದರೆ ಆರರಲ್ಲಿ ನಾಲ್ಕು ಸ್ಕ್ರೂ ಮಾತ್ರ ಹಿಡಿದವು. ಆಮೇಲಿಂದ ಚೀಲದಲ್ಲಿ ವರ್ನಿಯರ್ ಕ್ಯಾಲಿಪರ್ ಇರುತ್ತದೆ. ಅದನ್ನು ತೆಗೆದು ಗಲ್ಲೆಯ ಮೇಲಿಟ್ಟರೆ ಸಾಕು, ಅಂಗಡಿಯವರು ಏನೂ ಮಾತಾಡದೆ ಮೊದಲ ಡಬ್ಬವನ್ನು ಒಳಗಿಟ್ಟು ಅಟ್ಟದಿಂದ ಇನ್ನೊಂದನ್ನು ಇಳಿಸುತ್ತಾರೆ.