ವಿದ್ಯಾವಂತ ತರುಣರೂ ಊರಿನ ಋಣವೂ

ದಾನವೆಂಬುದು ನಮ್ಮ ನಾಡಿಗೆ ಹೊಸ ಮಾತಲ್ಲ. ಕೆರೆ ಕಟ್ಟಿಸಿದವರ, ಛತ್ರ ಕಟ್ಟಿಸಿದವರ, ದೇವಸ್ಥಾನಕ್ಕೆ ಗದ್ದೆ ಬಿಟ್ಟವರ ಹೆಸರುಗಳು ಶಾಸನದ ಕಲ್ಲುಗಳ ಮೇಲೆ ಇಂದಿಗೂ ಇವೆ. ಆದರೆ ಅವರಲ್ಲಿ ಬಹುಮಂದಿ ಅರಸರು, ವರ್ತಕರು, ಭೂಮಿಯುಳ್ಳವರು. ತಿಂಗಳ ಸಂಬಳದಿಂದ ಬದುಕುವ ವಿದ್ಯಾವಂತನು ತಾನು ಹುಟ್ಟಿದ ಊರಿಗೆ ಏನನ್ನು ಕೊಡಬೇಕು, ಹೇಗೆ ಕೊಡಬೇಕು ಎಂಬ ಪ್ರಶ್ನೆ ಅಷ್ಟು ಹಳೆಯದಲ್ಲ. ಅದಕ್ಕೆ ಹೆಚ್ಚೆಂದರೆ ನೂರೈವತ್ತು ವರುಷಗಳ ಚರಿತ್ರೆಯಿದೆ. ಆ ಚರಿತ್ರೆಯ ಒಂದು ಎಳೆ ನಮ್ಮ ಹೊನ್ನಾವರದಲ್ಲಿ ಹುಟ್ಟಿ, ಮುಂಬಯಿಯನ್ನು ಹೊಕ್ಕು, ತಿರುಗಿ ನಮ್ಮ ಜಿಲ್ಲೆಯ ಅಂಕೋಲೆಗೇ ಬಂದಿದೆ ಎಂಬುದನ್ನು ನಮ್ಮಲ್ಲಿ ಅನೇಕರು ಗಮನಿಸಿದಂತಿಲ್ಲ.

ಈ ವಿಷಯವನ್ನು ಈಗ ಎತ್ತಿಕೊಳ್ಳಲು ಕಾರಣವಿದೆ. ಇನ್ನು ಕೆಲವು ತಿಂಗಳುಗಳಲ್ಲಿ ಅಂತಿಮ ತರಗತಿಯ ನಾವೆಲ್ಲರೂ ಪದವಿ ಪಡೆದು ಚದರಿ ಹೋಗುವವರು. ಕೆಲವರು ಬೆಂಗಳೂರಿಗೆ, ಕೆಲವರು ಮಂಗಳೂರಿಗೆ, ಕೆಲವರು ಗೋವೆಗೆ. ಹೋದ ಮೊದಲ ವರುಷದಲ್ಲಿಯೇ ಊರಿನಿಂದ ಕರೆಗಳು ಬರತೊಡಗುತ್ತವೆ: ಶಾಲೆಗೆ ಏನಾದರೂ ಕೊಡಿ, ದೇವರ ಕಾರ್ಯಕ್ಕೆ ಕೊಡಿ, ಆಟಕ್ಕೆ ಕೊಡಿ. ಕರ್ಕಿಯಂಥ ಯಕ್ಷಗಾನದ ಊರಿನಲ್ಲಿ ಆಟಕ್ಕೆ ವಂತಿಗೆ ಕೊಡದವನನ್ನು ಯಾರೂ ಸುಲಭವಾಗಿ ಕ್ಷಮಿಸುವುದಿಲ್ಲ! ಕೊಡುವುದು ಖಂಡಿತ. ಹೇಗೆ ಕೊಟ್ಟರೆ ಅದು ಉಳಿಯುತ್ತದೆ ಎಂಬುದೇ ವಿಚಾರ.

ಕೊಡುವವರ ಕಡೆಯಿಂದ ಬರೆದವರು ಬಹಳ. ಪಡೆದವರ ಕಡೆಯಿಂದಲೂ ಒಂದು ಮಾತು ಇರಲಿ. ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೇ ಮೊದಲಿಗ. ಅಲ್ಲಿಯವರೆಗೆ ಬರಲು ಬೇರೆಯವರ ನೆರವು ಬೇಕಾಯಿತು. ಆರನೆಯ ತರಗತಿಯಲ್ಲಿದ್ದಾಗ ಪಟ್ಟಣದ ಒಂದು ಸಂಘದವರು ಪಟ್ಟಿ ಪುಸ್ತಕಗಳನ್ನು ಹಂಚಲು ಬಂದಿದ್ದರು. ಬ್ಯಾನರಿನ ಕೆಳಗೆ ನಮ್ಮನ್ನು ಬಿಸಿಲಿನಲ್ಲಿ ಸಾಲಾಗಿ ನಿಲ್ಲಿಸಿ, ಒಬ್ಬೊಬ್ಬರ ಕೈಗೂ ಪುಸ್ತಕವಿಟ್ಟು, ಕೈಬಿಡುವ ಮೊದಲು ಫೋಟೋ ತೆಗೆದರು. ಪುಸ್ತಕಗಳು ಒಳ್ಳೆಯವೇ, ಒಂದು ವರುಷ ಬರೆದೆ. ಆದರೆ ಆ ಫೋಟೋ ಪತ್ರಿಕೆಯಲ್ಲಿ ಬಂದ ದಿನ ಅಪ್ಪ ಅದನ್ನು ನೋಡಿ ಏನೂ ಹೇಳದೆ ಮಡಚಿಟ್ಟುದು ನನಗೆ ಇನ್ನೂ ನೆನಪಿದೆ. ಪಿಯುಸಿಯಲ್ಲಿದ್ದಾಗ ಇದಕ್ಕೆ ವಿರುದ್ಧವಾದುದೊಂದು ನಡೆಯಿತು. ನನ್ನ ಎರಡು ವರುಷದ ಬಸ್ ಪಾಸಿನ ಹಣವನ್ನು ಯಾರೋ ಮುಖ್ಯ ಗುರುಗಳ ಕೈಯಲ್ಲಿ ಕೊಟ್ಟಿದ್ದರು. ಯಾರೆಂದು ಗುರುಗಳು ಹೇಳಲಿಲ್ಲ, ನಾನೂ ಕೇಳಲಿಲ್ಲ. ಎರಡೂ ದಾನವೇ. ಎರಡರ ಭಾರ ಮಾತ್ರ ಒಂದೇ ಅಲ್ಲ.

ಇನ್ನು ಚರಿತ್ರೆಗೆ ಬರೋಣ. 1884ರಲ್ಲಿ ಪುಣೆಯಲ್ಲಿ ಡೆಕ್ಕನ್ ಎಜುಕೇಶನ್ ಸೊಸಾಯಿಟಿ ಸ್ಥಾಪನೆಯಾಯಿತು. ಅದರ ಆಜೀವ ಸದಸ್ಯರಾದ ತರುಣ ಪದವೀಧರರು ತಿಂಗಳಿಗೆ ಸುಮಾರು 75 ರೂಪಾಯಿಗಳ ಅಲ್ಪ ಸಂಬಳಕ್ಕೆ ಇಪ್ಪತ್ತು ವರುಷ ಕಲಿಸುವ ಒಪ್ಪಂದಕ್ಕೆ ಒಳಗಾಗುತ್ತಿದ್ದರು. ಆಗಿನ ಪದವೀಧರನಿಗೆ ಸರಕಾರಿ ನೌಕರಿಯಲ್ಲಿಯೂ ವಕೀಲಿಯಲ್ಲಿಯೂ ಇದಕ್ಕಿಂತ ಎಷ್ಟೋ ಹೆಚ್ಚು ಸಿಗುತ್ತಿತ್ತು. ಬಿಟ್ಟುಕೊಟ್ಟ ಆ ಹಣವೇ ಅವರ ದಾನ. ಗೋಪಾಲಕೃಷ್ಣ ಗೋಖಲೆಯವರು ಹೀಗೆ ಫರ್ಗ್ಯುಸನ್ ಕಾಲೇಜಿನಲ್ಲಿ ದುಡಿದು ಹೊರಬಂದು, 1905ರ ಜೂನ್ 12ರಂದು ಭಾರತ ಸೇವಕ ಸಮಾಜವನ್ನು ಸ್ಥಾಪಿಸಿದರು. ಓದಿದ ತರುಣರು ಸ್ವಂತದ ಗಳಿಕೆಯ ಆಸೆ ಬಿಟ್ಟು, ಹೊಟ್ಟೆಬಟ್ಟೆಗೆ ಬೇಕಾದಷ್ಟನ್ನು ಮಾತ್ರ ಸಂಸ್ಥೆಯಿಂದ ಪಡೆದು, ದೇಶದ ಕೆಲಸ ಮಾಡಬೇಕೆಂಬುದು ಅದರ ನಿಯಮ.

ಅದೇ ಕಾಲದಲ್ಲಿ ಮುಂಬಯಿಯಲ್ಲಿ ನಮ್ಮ ಹೊನ್ನಾವರದವರೊಬ್ಬರು ದೊಡ್ಡ ಸ್ಥಾನದಲ್ಲಿದ್ದರು. ಅವರು 1855ರಲ್ಲಿ ಹೊನ್ನಾವರದಲ್ಲಿ ಹುಟ್ಟಿದ ಸರ್ ನಾರಾಯಣ ಗಣೇಶ ಚಂದಾವರ್ಕರರು. 1900ರ ಲಾಹೋರ್ ಕಾಂಗ್ರೆಸ್ಸಿನ ಅಧ್ಯಕ್ಷರು, ಮುಂಬಯಿ ಹೈಕೋರ್ಟಿನ ನ್ಯಾಯಾಧೀಶರು, ಪ್ರಾರ್ಥನಾ ಸಮಾಜದ ಮುಂದಾಳು. 1911ರಲ್ಲಿ ಗೋಖಲೆಯವರ ಸಮಾಜದ ಸದಸ್ಯರಾದ ಎನ್. ಎಂ. ಜೋಶಿಯವರು ಮುಂಬಯಿಯಲ್ಲಿ ಸೋಶಿಯಲ್ ಸರ್ವಿಸ್ ಲೀಗನ್ನು ಕಟ್ಟಿದಾಗ ಅದರ ಅಧ್ಯಕ್ಷತೆಯನ್ನು ಚಂದಾವರ್ಕರರು ವಹಿಸಿದರು. ಗಿರಣಿ ಕಾರ್ಮಿಕರಿಗೆ ರಾತ್ರಿ ಶಾಲೆ, ವಾಚನಾಲಯ, ಔಷಧಾಲಯ—ಇವು ಲೀಗಿನ ಕೆಲಸಗಳು. ಇಂಥ ರಾತ್ರಿ ಶಾಲೆ ನಡೆಯಬೇಕಾದರೆ ಹಗಲು ಬೇರೆ ಉದ್ಯೋಗ ಮಾಡಿದವನು ಸಂಜೆಯ ಎರಡು ಗಂಟೆಗಳನ್ನು ಕೊಡಬೇಕಾಗುತ್ತದೆ. ಸಂಬಳಗಾರನ ದಾನದಲ್ಲಿ ಹಣಕ್ಕಿಂತ ಹೊತ್ತಿನ ಪಾಲು ದೊಡ್ಡದೆಂಬುದು ಇಲ್ಲಿ ಕಾಣುತ್ತದೆ.

ಜೋಶಿಯವರಿಂದ ಮುಂದೆ ಆ ಎಳೆ ದಿನಕರ ದೇಸಾಯಿಯವರಿಗೆ ಬರುತ್ತದೆ. ಚುಟುಕಗಳ ಕವಿಯೆಂದು ಅವರು ಎಲ್ಲರಿಗೂ ಗೊತ್ತು. 1909ರಲ್ಲಿ ಅಂಕೋಲೆ ತಾಲೂಕಿನ ಅಲಗೇರಿಯಲ್ಲಿ ಹುಟ್ಟಿ, ಉಚ್ಚ ಶಿಕ್ಷಣ ಪಡೆದು, ಭಾರತ ಸೇವಕ ಸಮಾಜವನ್ನು ಸೇರಿ, ಮುಂಬಯಿಯಲ್ಲಿ ಹಡಗಿನ ಕಾರ್ಮಿಕರ ಸಂಘಟನೆಯಲ್ಲಿ ದುಡಿದವರು ಅವರು. ಊರ ಕಡೆ ಗೇಣಿ ರೈತರನ್ನು ಸಂಘಟಿಸಿದ್ದಕ್ಕಾಗಿ ಬ್ರಿಟಿಷ್ ಸರಕಾರ ಅವರನ್ನು ಜಿಲ್ಲೆಯಿಂದ ಗಡಿಪಾರು ಮಾಡಿತ್ತು. ಸ್ವಾತಂತ್ರ್ಯ ಬಂದ ಮೇಲೆ, ಉತ್ತರ ಕನ್ನಡವಿನ್ನೂ ಮುಂಬಯಿ ರಾಜ್ಯದಲ್ಲಿದ್ದಾಗ, 1953ರಲ್ಲಿ ಅಂಕೋಲೆಯಲ್ಲಿ ಕೆನರಾ ವೆಲ್‌ಫೇರ್ ಟ್ರಸ್ಟ್ ಹುಟ್ಟಿತು. ಅದರ ಮೂಲಕ ದಾಂಡೇಲಿಯ ಜನತಾ ವಿದ್ಯಾಲಯದಂಥ ಪ್ರೌಢಶಾಲೆಗಳೆದ್ದವು. 1966ರಲ್ಲಿ, ಗೋಖಲೆಯವರು ಹುಟ್ಟಿ ನೂರು ವರುಷ ತುಂಬಿದಾಗ, ಅಂಕೋಲೆಯಲ್ಲಿ ಗೋಖಲೆ ಶತಾಬ್ದಿ ಕಾಲೇಜು ತೆರೆಯಿತು. ಮರುವರುಷ ದೇಸಾಯಿಯವರು ಲೋಕಸಭೆಗೆ ಆಯ್ಕೆಯಾದರು. 1982ರಲ್ಲಿ ತೀರಿಕೊಂಡರು. ಶಾಲೆಗಳು ನಿಲ್ಲಲಿಲ್ಲ.

ನಿಲ್ಲಲಿಲ್ಲವೇಕೆ? ನನ್ನ ತಿಳುವಳಿಕೆಗೆ ಇದೇ ಈ ವಿಷಯದ ತಿರುಳು. ದೇಸಾಯಿಯವರು ತಮ್ಮ ಕೈಯಿಂದ ಒಬ್ಬೊಬ್ಬ ಹುಡುಗನಿಗೆ ಹಣ ಕೊಡುತ್ತ ಹೋಗಿದ್ದರೆ, ಅವರು ಹೋದ ದಿನವೇ ಅದು ಮುಗಿಯುತ್ತಿತ್ತು. ಟ್ರಸ್ಟ್ ಎಂದರೆ ಆಸ್ತಿಯ ಒಡೆತನವನ್ನು ಕೊಟ್ಟವನಿಂದ ಬೇರೆ ಮಾಡಿ, ಗೊತ್ತಾದ ಒಂದು ಉದ್ದೇಶಕ್ಕೆ ಕಟ್ಟಿಡುವ ವ್ಯವಸ್ಥೆ. ವಿಶ್ವಸ್ತರು ಆ ಹಣದ ಒಡೆಯರಲ್ಲ, ಕಾವಲುಗಾರರು, ಲೆಕ್ಕ ತೋರಿಸತಕ್ಕವರು. ಒಬ್ಬರು ಹೋದರೆ ಇನ್ನೊಬ್ಬರು ಬರುತ್ತಾರೆ. ಕೊಟ್ಟವನ ಮರ್ಜಿ, ಸಿಟ್ಟು, ಸಾವು ಇವು ಯಾವುವೂ ಶಾಲೆಯ ಗಂಟೆಯನ್ನು ನಿಲ್ಲಿಸಲಾರವು. ಪಡೆಯುವ ಹುಡುಗನಿಗೂ ಇದರಿಂದ ಒಂದು ಉಪಕಾರವಿದೆ: ಅವನು ಯಾರ ಮುಖವನ್ನೂ ನೋಡಿ ನಿಲ್ಲಬೇಕಾಗಿಲ್ಲ. ಕುಮಟೆಯಲ್ಲಿ 1949ರಲ್ಲಿ ಆರಂಭವಾದ ಕೆನರಾ ಕಾಲೇಜಿಗೆ ಇಂದು ಮುಂಬಯಿಯ ಹೆಸರಾಂತ ಶಸ್ತ್ರವೈದ್ಯರಾಗಿದ್ದ ಡಾ. ಎ. ವಿ. ಬಾಳಿಗರ ಹೆಸರಿದೆ. ಬಾಳಿಗರು ತೀರಿಕೊಂಡದ್ದು 1964ರಲ್ಲಿ. ಅಲ್ಲಿ ಓದುವ ಹುಡುಗಿ ಬಾಳಿಗರಿಗೆ ಎಂದೂ ಕೈಮುಗಿಯಬೇಕಾಗಿ ಬಂದಿಲ್ಲ.

ದಾನವನ್ನೇ ಬೇಡವೆಂದ ಇನ್ನೊಂದು ದಾರಿಯೂ ಇತ್ತು. 1906ರಲ್ಲಿ ಮುಂಬಯಿಯ ವಕೀಲ ಶ್ರೀಪಾದ ಸುಬ್ಬರಾವ್ ತಲ್ಮಕಿಯವರು ತಮ್ಮ ಗುರು ಶಾಮರಾವ್ ವಿಠಲ ಕೈಕಿಣಿಯವರ ಹೆಸರಿನಲ್ಲಿ ಸಹಕಾರಿ ಪತ್ತಿನ ಸಂಘವನ್ನು ತೆರೆದರು. ಬಡವನಿಗೆ ಬಿಟ್ಟಿ ಹಣ ಬೇಡ, ಹಿಂದಿರುಗಿಸಬಹುದಾದ ಸಾಲ ಬೇಕು ಎಂಬುದು ಸಹಕಾರದ ತತ್ತ್ವ. ಸಾಲ ತೀರಿಸಿದವನ ತಲೆ ಬಾಗುವುದಿಲ್ಲ. ಇದೂ ನನಗೆ ಬಹಳ ಮೆಚ್ಚಿಗೆಯಾದ ವಿಚಾರ. ಆದರೆ ಆ ಸಂಘ ಮೊದಲಿಗೆ ಒಂದೇ ಸಮಾಜದವರಿಗೆ ಮೀಸಲಾಗಿತ್ತು. ಈ ರೂಢಿ ನಮ್ಮ ಕರಾವಳಿಯಲ್ಲಿ ಇಂದಿಗೂ ಬಲವಾಗಿದೆ. ಪ್ರತಿಯೊಂದು ಸಮಾಜಕ್ಕೂ ಒಂದು ಸಂಘ, ಒಂದು ಸಭಾಭವನ, ವರುಷಕ್ಕೊಂದು ಪ್ರತಿಭಾ ಪುರಸ್ಕಾರ. ತಮ್ಮವರಿಗೆ ತಾವು ನೆರವಾಗುವುದು ತಪ್ಪೆಂದು ನಾನು ಹೇಳಲಾರೆ. ಆದರೆ ಪುರಸ್ಕಾರ ಯಾರಿಗೆ ಸಿಗುತ್ತದೆ? ನೂರಕ್ಕೆ ತೊಂಬತ್ತೈದು ಅಂಕ ಪಡೆದವನಿಗೆ, ಶಾಲು ಹೊದಿಸಿ. ಬೆಳಿಗ್ಗೆ ಬಂದರಿನಲ್ಲಿ ಮೀನಿನ ಬುಟ್ಟಿ ಹೊತ್ತು, ಒಂಬತ್ತಕ್ಕೆ ಬಸ್ ಹಿಡಿದು, ನೂರಕ್ಕೆ ನಲವತ್ತೆಂಟು ಪಡೆದು ತೇರ್ಗಡೆಯಾದವನು ಸಭೆಯ ಹಿಂದೆ ಕುಳಿತು ಚಪ್ಪಾಳೆ ತಟ್ಟುತ್ತಾನೆ. ಪುರಸ್ಕಾರದ ಹಣವಿಲ್ಲದೆಯೂ ಮೊದಲನೆಯವನು ಮುಂದೆ ಓದುತ್ತಾನೆ. ಎರಡನೆಯವನು ಓದುವನೋ ಇಲ್ಲವೋ ಎಂಬುದು ಒಮ್ಮೊಮ್ಮೆ ಒಂದು ಬಸ್ ಪಾಸಿನ ಮೇಲೆ ನಿಂತಿರುತ್ತದೆ.

ನಮ್ಮ ಕಾಲಕ್ಕೆ ಹತ್ತಿರದ ನಿದರ್ಶನಗಳೂ ಇವೆ. ವೈದ್ಯ ಪದವಿ ಪಡೆದ ಡಾ. ಎಚ್. ಸುದರ್ಶನ್ ಬಿಳಿಗಿರಿರಂಗನ ಬೆಟ್ಟಕ್ಕೆ ಹೋಗಿ ಸೋಲಿಗರ ನಡುವೆ ನೆಲೆಸಿ, 1981ರಲ್ಲಿ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರವನ್ನು ಕಟ್ಟಿದರು. 1984ರಲ್ಲಿ ಮೈಸೂರಿನ ವೈದ್ಯಕೀಯ ಕಾಲೇಜಿನ ವಿದ್ಯಾರ್ಥಿ ಆರ್. ಬಾಲಸುಬ್ರಹ್ಮಣ್ಯಂ ಅವರು ಗೆಳೆಯರೊಡನೆ ಸ್ವಾಮಿ ವಿವೇಕಾನಂದ ಯೂತ್ ಮೂವ್‌ಮೆಂಟನ್ನು ಆರಂಭಿಸಿದರು. ಅದು ಹೆಗ್ಗಡದೇವನಕೋಟೆಯ ಕಾಡಂಚಿನ ಜನರ ನಡುವೆ ಬೇರೂರಿ, ಸರಗೂರಿನಲ್ಲಿ ಆಸ್ಪತ್ರೆಯನ್ನೂ ಹೊಸಹಳ್ಳಿಯಲ್ಲಿ ಶಾಲೆಯನ್ನೂ ನಡೆಸಿತು. ಆರಂಭಿಸಿದಾಗ ಅವರೂ ನಮ್ಮಂತೆ ವಿದ್ಯಾರ್ಥಿಗಳೇ.

ಆದರೆ ಎಲ್ಲರೂ ಬೆಟ್ಟಕ್ಕೆ ಹೋಗಲಾರರು; ಮನೆಯಲ್ಲಿ ಸಾಲವಿದೆ, ತಂಗಿಯ ಓದಿದೆ. ಅಂಥವರು ಕೊಡುವ ಮೊದಲು, ಸರಕಾರ ಈಗಾಗಲೇ ಏನನ್ನು ಕೊಡುತ್ತಿದೆ ಎಂದು ನೋಡಿಕೊಳ್ಳುವುದು ಲೇಸು. ಸರಕಾರಿ ಶಾಲೆಯ ಮಕ್ಕಳಿಗೆ ಪಠ್ಯಪುಸ್ತಕ, ಸಮವಸ್ತ್ರ, ಮಧ್ಯಾಹ್ನದ ಊಟ ಸಿಗುತ್ತವೆ. 2023ರ ಜೂನ್ 11ರಂದು ಆರಂಭವಾದ ಶಕ್ತಿ ಯೋಜನೆಯಿಂದ ಹುಡುಗಿಯರ ಬಸ್ ಖರ್ಚು ತಪ್ಪಿತು. ಹುಡುಗರ ಖರ್ಚು ತಪ್ಪಿಲ್ಲ. ವಿದ್ಯಾರ್ಥಿವೇತನಗಳೂ ಇವೆ, ಆದರೆ ಅವುಗಳಿಗೆ ರಾಜ್ಯದ ಪೋರ್ಟಲಿನಲ್ಲಿ ಅರ್ಜಿ ಹಾಕಬೇಕು; ಜಾತಿ ಮತ್ತು ಆದಾಯದ ಪ್ರಮಾಣಪತ್ರ ಬೇಕು; ಬ್ಯಾಂಕಿನ ಖಾತೆಗೆ ಆಧಾರ್ ಜೋಡಣೆಯಾಗಿರಬೇಕು. ತಂದೆತಾಯಿಗಳಿಗೆ ಓದು ಬಾರದ ಮನೆಯಲ್ಲಿ ಇದೊಂದು ದಾಟಲಾಗದ ಹೊಳೆ. ಆಧಾರಿನಲ್ಲಿ ಒಂದು ಹೆಸರು, ಅಂಕಪಟ್ಟಿಯಲ್ಲಿ ಇನ್ನೊಂದು. ಖಾತೆಗೆ ಜೋಡಣೆಯೇ ಇಲ್ಲ. ಹಣ ಬಾರದೆ ಉಳಿದುದು ತಿಳಿಯುವಾಗ ವರುಷ ಮುಗಿದಿರುತ್ತದೆ. ಓದಿದ ತರುಣನೊಬ್ಬ ಭಾನುವಾರ ಬೆಳಿಗ್ಗೆ ಎರಡು ಗಂಟೆ ಕುಳಿತು ನಾಲ್ಕು ಮಕ್ಕಳ ಅರ್ಜಿ ತುಂಬಿಸಿದರೆ, ಅವನ ಕಿಸೆಯಿಂದ ಹೋಗುವುದಕ್ಕಿಂತ ಎಷ್ಟೋ ಪಾಲು ಹೆಚ್ಚಿನ ಹಣ ಊರಿಗೆ ಬರುತ್ತದೆ. ಅದು ಬೇಡಿದ ಹಣವೂ ಅಲ್ಲ, ಅವರ ಹಕ್ಕಿನದು.

ರಕ್ತದಾನದ ಬಗ್ಗೆಯೂ ಒಂದು ಮಾತು. ಹದಿನೆಂಟು ತುಂಬಿದ, 45 ಕಿಲೋ ತೂಕವಿರುವ ಆರೋಗ್ಯವಂತರು ಕೊಡಬಹುದು. ಗಂಡಸರು ಮೂರು ತಿಂಗಳಿಗೊಮ್ಮೆ, ಹೆಂಗಸರು ನಾಲ್ಕು ತಿಂಗಳಿಗೊಮ್ಮೆ. ಇದಕ್ಕೆ ಸಂಬಳ ಬರುವವರೆಗೆ ಕಾಯಬೇಕಾಗಿಲ್ಲ.

ದಾನದಿಂದ ಆಗದ ಕೆಲಸಗಳೂ ಇವೆ. 2022ರ ಜುಲೈ 20ರಂದು ಹೊನ್ನಾವರದಿಂದ ರೋಗಿಯನ್ನು ಹೊತ್ತು ಉಡುಪಿಯ ಕಡೆಗೆ ಹೊರಟ ಆಂಬುಲೆನ್ಸ್ ಶಿರೂರಿನ ಟೋಲ್ ಗೇಟಿನಲ್ಲಿ ಅಪಘಾತಕ್ಕೀಡಾಗಿ ನಾಲ್ವರು ಸತ್ತರು. ಜಿಲ್ಲೆಗೊಂದು ದೊಡ್ಡ ಆಸ್ಪತ್ರೆ ಬೇಕೆಂಬ ಹಳೆಯ ಕೂಗು ಆಗ ಮತ್ತೆ ಎದ್ದಿತು. ಇಂಥದನ್ನು ತಿಂಗಳಿಗೆ ನೂರು ರೂಪಾಯಿಯ ವಂತಿಗೆಯಿಂದ ಕಟ್ಟಲಾಗದು, ಸರಕಾರವನ್ನೇ ಕೇಳಬೇಕು. ದೇಸಾಯಿಯವರು ಶಾಲೆಗಳನ್ನೂ ಕಟ್ಟಿದರು, ಗೇಣಿದಾರರ ಪರವಾಗಿಯೂ ಹೋರಾಡಿದರು; ಒಂದಕ್ಕೆ ಬದಲು ಇನ್ನೊಂದೆಂದು ಅವರು ಬಗೆದಂತಿಲ್ಲ.

ಕೊನೆಗೆ ಹಣದ ವ್ಯವಸ್ಥೆ. ನಮ್ಮ ಕರಾವಳಿಯವರಿಗೆ ಪಿಗ್ಮಿ ಪರಿಚಿತ. 1928ರಲ್ಲಿ ಉಡುಪಿಯ ಬ್ಯಾಂಕೊಂದು, ಮುಂದೆ ಸಿಂಡಿಕೇಟ್ ಬ್ಯಾಂಕ್ ಎನಿಸಿದ್ದು, ದಿನಕ್ಕೆ ಎರಡಾಣೆಯನ್ನೂ ಮನೆ ಬಾಗಿಲಿನಲ್ಲಿ ವಸೂಲು ಮಾಡಿ ಈ ಪದ್ಧತಿಯನ್ನು ತಂದಿತು. ಅದು ಉಳಿತಾಯ, ದಾನವಲ್ಲ. ಆದರೂ ಅದರ ಗುಟ್ಟು ಇಲ್ಲಿಗೂ ಸಲ್ಲುತ್ತದೆ. ಒಮ್ಮೆ ಕೊಟ್ಟ ಐದು ಸಾವಿರಕ್ಕಿಂತ ತಪ್ಪದೆ ಬರುವ ನೂರು ರೂಪಾಯಿಯನ್ನು ನಂಬಿ ಒಬ್ಬ ಹುಡುಗನಿಗೆ ಮೂರು ವರುಷದ ಮಾತು ಕೊಡಬಹುದು. ಸರಕಾರಿ ಶಾಲೆಗೆ ಕೊಡುವುದಾದರೆ ಪಾಲಕರೇ ಇರುವ ಎಸ್‌ಡಿಎಂಸಿಯ ಮೂಲಕ ಕೊಟ್ಟು ರಸೀದಿ ಪಡೆಯಬಹುದು. ನೋಂದಾಯಿತ ಸಂಸ್ಥೆಗಳಿಗೆ ಕೊಟ್ಟ ಹಣಕ್ಕೆ ಆದಾಯ ತೆರಿಗೆಯಲ್ಲಿ ಕೆಲವು ರಿಯಾಯಿತಿಗಳಿವೆ. ಆದರೆ ಹೊಸ ತೆರಿಗೆ ಪದ್ಧತಿಯಲ್ಲಿರುವವರಿಗೆ ಅದಿಲ್ಲ. ನಗದಾಗಿ 2,000 ರೂಪಾಯಿಗೆ ಮೀರಿ ಕೊಟ್ಟರೂ ಇಲ್ಲ. ರಿಯಾಯಿತಿಗಾಗಿಯೇ ಕೊಡುವವರು ಇದನ್ನು ಮೊದಲೇ ತಿಳಿದಿರಲಿ.

ಸ್ವಂತ ಸಂಘವನ್ನೇ ಕಟ್ಟುವುದಾದರೆ 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯಿದೆಯಂತೆ ಕನಿಷ್ಠ ಏಳು ಜನ ಸದಸ್ಯರಿರಬೇಕು, ನಿಯಮಾವಳಿ ಬೇಕು, ವರುಷಕ್ಕೊಮ್ಮೆ ಲೆಕ್ಕಪತ್ರ ಒಪ್ಪಿಸಬೇಕು. ಕರ್ಕಿ, ಹಳದೀಪುರ ಕಡೆಯಿಂದ ಬರುವ ಕೆಲವರು ನಾವು ಬಸ್ಸಿನಲ್ಲಿ ಮಾತನಾಡಿಕೊಂಡು ನಿಯಮಾವಳಿಯ ಕರಡನ್ನು ಬರೆದಿದ್ದೇವೆ. ಮೊದಲ ನಿಯಮ ಫೋಟೋ ಕೂಡದೆಂಬುದು. ಎರಡನೆಯದು, ತೇರ್ಗಡೆಯಾದವರೆಲ್ಲರ ಅರ್ಜಿಯನ್ನೂ ನೋಡಬೇಕು, ಅಂಕವನ್ನಾಗಲಿ ಜಾತಿಯನ್ನಾಗಲಿ ಕೇಳಕೂಡದು. ಸಂಬಳ ಬರುವವರೆಗೆ ಭಾನುವಾರದ ಅರ್ಜಿ ಕೆಲಸ ಮಾತ್ರ. ಸದ್ಯಕ್ಕೆ ಆರು ಜನರಾಗಿದ್ದೇವೆ. ಏಳನೆಯವರು ಯಾವ ತರಗತಿಯವರಾದರೂ ಆದೀತು. ಹದಿನೆಂಟು ತುಂಬಿದ್ದರೆ ಸಾಕು.