ನೌಕಾಧಿಪತಿ ಕಂಡ ಬೆಶಿಯೊ

ನವೆಂಬರ್ ಮಾಸವನ್ನು ಧರ್ಮಸಭೆಯು ಮೃತರ ಸ್ಮರಣೆಗೆ ಮೀಸಲಿರಿಸಿದೆ. 1943ರ ಅದೇ ಮಾಸದ 27ರಂದು ಅಮೆರಿಕದ ಪೆಸಿಫಿಕ್ ನೌಕಾಪಡೆಯ ಮುಖ್ಯಸ್ಥರಾಗಿದ್ದ ಅಡ್ಮಿರಲ್ ಚೆಸ್ಟರ್ ನಿಮಿಟ್ಸ್, ತರಾವಾ ಹವಳದ್ವೀಪ ಸಮೂಹದ ಬೆಶಿಯೊ ಎಂಬ ಕಿರುದ್ವೀಪಕ್ಕೆ ಬಂದಿಳಿದರು. ಕದನ ಮುಗಿದು ನಾಲ್ಕೇ ದಿನಗಳಾಗಿದ್ದವು. ಸುಳಿ ಹಾರಿಹೋದ ತೆಂಗಿನ ಮರಗಳ ನಡುವೆ ಹೂಳದ ಶವಗಳು ಇನ್ನೂ ಬಿದ್ದಿದ್ದವು.

ಬೆಶಿಯೊ ದ್ವೀಪದ ಉದ್ದ ಮೂರೂವರೆ ಕಿಲೋಮೀಟರಿಗಿಂತ ಹೆಚ್ಚಿಲ್ಲ. ಜಪಾನೀಯರು ಅದನ್ನೇ ದುರ್ಭೇದ್ಯ ಕೋಟೆಯಾಗಿ ಮಾರ್ಪಡಿಸಿದ್ದರು. ತೆಂಗಿನ ದಿಮ್ಮಿ, ಕಾಂಕ್ರೀಟು ಹಾಗೂ ಹವಳದ ಮರಳಿನಿಂದ ನೂರಾರು ನೆಲಮಾಳಿಗೆಗಳನ್ನು ಕಟ್ಟಿದ್ದರು. ಆ ಕೆಲಸದಲ್ಲಿ ಕೊರಿಯಾದ ಕೂಲಿಗಳನ್ನೂ ದುಡಿಸಿಕೊಂಡಿದ್ದರು. ನವೆಂಬರ್ 20ರ ಮುಂಜಾನೆ ಅಮೆರಿಕದ ನೌಕೆಗಳು ಸುಮಾರು 3,000 ಟನ್ ಮದ್ದುಗುಂಡುಗಳನ್ನು ಸುರಿದವು. ಇನ್ನು ಅಲ್ಲಿ ಯಾರೂ ಬದುಕಿರಲಾರರು ಎಂದೇ ಹಲವರು ಭಾವಿಸಿದ್ದರು. ಆದರೆ ನೆಲಮಾಳಿಗೆಗಳು ಬಹುಪಾಲು ಉಳಿದುಕೊಂಡಿದ್ದವು. ಸಮುದ್ರದ ಭರತವೂ ಏರಲಿಲ್ಲ. ದೋಣಿಗಳು ಹವಳದ ದಿಬ್ಬಕ್ಕೆ ತಗಲಿ ನಿಂತವು. ಯೋಧರು ನೂರಾರು ಗಜ ದೂರ ನೀರಿನಲ್ಲಿ ನಡೆದು, ಗುಂಡಿನ ಮಳೆಗೆ ಎದೆಯೊಡ್ಡಬೇಕಾಯಿತು.

ಎಪ್ಪತ್ತಾರು ಗಂಟೆಗಳ ಆ ಕದನದಲ್ಲಿ ಸುಮಾರು 1,000 ಅಮೆರಿಕನ್ನರು ಮಡಿದರು. ಎದುರು ಪಕ್ಷದ ನಾಲ್ಕೂವರೆ ಸಾವಿರಕ್ಕೂ ಹೆಚ್ಚು ಜನರಲ್ಲಿ ಜೀವಂತ ಸೆರೆಸಿಕ್ಕವರು 17 ಜಪಾನೀಯರು ಮತ್ತು 129 ಕೊರಿಯನ್ನರು ಮಾತ್ರ. ಇದಕ್ಕೂ ಒಂದು ವರ್ಷ ಮುಂಚೆ, 1942ರ ಅಕ್ಟೋಬರಿನಲ್ಲಿ, ಇದೇ ದ್ವೀಪದಲ್ಲಿ 22 ಮಂದಿ ಬಂದಿಗಳ ಶಿರಚ್ಛೇದವಾಗಿತ್ತು. ಅವರಲ್ಲಿ ಆಲ್ಫ್ರೆಡ್ ಸ್ಯಾಡ್ ಎಂಬ ಪ್ರಾಟೆಸ್ಟಂಟ್ ಮಿಷನರಿಯೂ ಒಬ್ಬರು.

ವಿಜಯಿಯಾದ ದಂಡನಾಯಕ ಅಭಿನಂದನೆಯ ಮಾತಾಡಿ ಹಿಂದಿರುಗಬಹುದಿತ್ತು. ನಿಮಿಟ್ಸ್ ಹಾಗೆ ಮಾಡಲಿಲ್ಲ. ಆ ಪಾಳು ಕೋಟೆಗಳ ನಡುವೆ ನಡೆದು, ಶತ್ರುವಿನ ಗೋಡೆಗಳನ್ನು ಕಣ್ಣಾರೆ ಕಂಡರು. ಬಳಿಕ ಹವಾಯಿಯ ಕಹೋಲಾವೆ ದ್ವೀಪದಲ್ಲಿ ಅವುಗಳ ಪ್ರತಿರೂಪಗಳನ್ನು ಕಟ್ಟಿಸಿ, ಅವುಗಳನ್ನು ಭೇದಿಸುವ ಬಗೆಯನ್ನು ನೌಕೆಗಳಿಗೆ ಅಭ್ಯಾಸ ಮಾಡಿಸಲಾಯಿತು. 1944ರ ಜನವರಿ 31ರಂದು ಆರಂಭವಾದ ಕ್ವಾಜಲೀನ್ ಕದನದಲ್ಲಿ ಮಡಿದ ಅಮೆರಿಕನ್ನರ ಸಂಖ್ಯೆ ತರಾವಾದಲ್ಲಿ ಮಡಿದವರ ಅರ್ಧಕ್ಕಿಂತಲೂ ಕಡಿಮೆಯಾಗಿತ್ತು.

ಆದರೂ ಮಗನನ್ನು ಕಳೆದುಕೊಂಡ ಮನೆಗೆ ಈ ಲೆಕ್ಕ ಯಾವ ಸಾಂತ್ವನ ನೀಡೀತು? ನೊಂದ ಕುಟುಂಬಗಳ ಪತ್ರಗಳು ನಿಮಿಟ್ಸರ ಕಚೇರಿಗೆ ಬಂದವು. ತನ್ನ ಮಗನ ಸಾವಿಗೆ ನೀನೇ ಹೊಣೆಯೆಂದು ಒಬ್ಬ ತಾಯಿ ನೇರವಾಗಿಯೇ ಬರೆದಿದ್ದಳು. ಅದಕ್ಕೆ ಯಾವ ಸೇನಾಧಿಪತಿಯ ಬಳಿಯೂ ತಕ್ಕ ಉತ್ತರವಿರಲಾರದು.

ಇಂದು ಬೆಶಿಯೊ ಕಿರಿಬಾಸ್ ಗಣರಾಜ್ಯದ ಭಾಗ. 1888ರಲ್ಲಿ ಪವಿತ್ರ ಹೃದಯದ ಮಿಷನರಿಗಳು ಕಾಲಿಟ್ಟ ಈ ದ್ವೀಪಸಮೂಹದಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಕಥೋಲಿಕರು. 15 ಸಾವಿರಕ್ಕೂ ಮಿಕ್ಕಿ ಜನ ಕಿಕ್ಕಿರಿದು ವಾಸಿಸುವ ಬೆಶಿಯೊದಲ್ಲಿ ತುಕ್ಕು ಹಿಡಿದ ಫಿರಂಗಿಗಳೂ ಕಾಂಕ್ರೀಟಿನ ಕೋಟೆಯೂ ಇನ್ನೂ ನಿಂತಿವೆ. ನೆಲದಡಿ ಗುರುತು ತಪ್ಪಿಹೋಗಿದ್ದ ಹತ್ತಾರು ಯೋಧರ ಅಸ್ಥಿಗಳು 2015ರಲ್ಲಿ ದೊರೆತವು. ಏಳು ದಶಕಗಳ ಅನಂತರ ಅವು ತಾಯ್ನಾಡಿಗೆ ಮರಳಿದವು.

ಆಜ್ಞೆ ನೀಡುವವನು ಅದರ ಫಲ ಬಿದ್ದ ನೆಲದ ಮೇಲೆ ಒಮ್ಮೆ ನಡೆಯಬೇಕು. ಇದು ಸೇನಾಧಿಪತಿಗಳಿಗೆ ಮಾತ್ರವಲ್ಲ, ಕುಟುಂಬ, ಶಾಲೆ, ಸಂಸ್ಥೆಗಳಲ್ಲಿ ಅಧಿಕಾರ ನಡೆಸುವ ನಮಗೂ ಸಲ್ಲುವ ಮಾತು. ಈ ಮಾಸದಲ್ಲಿ ನಮ್ಮ ಗತಿಸಿದವರಿಗಾಗಿ ಪ್ರಾರ್ಥಿಸುವಾಗ, ಪಕ್ಷಭೇದವಿಲ್ಲದೆ ಆ ಮರಳಿನಲ್ಲಿ ಮಲಗಿರುವವರನ್ನೂ ನೆನೆಯೋಣ.